ಧ್ರುವದ ಹಿಮದಲ್ಲಿ ಸೀಸ ಎಷ್ಟಿದೆ ಅಂತ ಹೇಳೋದು ಯಾಕೆ ಅಷ್ಟು ಕಷ್ಟ?

ಮಳೆಗಾಲ ಬಂತೆಂದರೆ ನಾವು ಬೆಂಗಳೂರಿನವರು ದಿನಾ ಪೇಪರ್‌ನಲ್ಲಿ ಕೆಆರ್‌ಎಸ್ ಮಟ್ಟ ನೋಡುತ್ತೇವೆ. ನಮ್ಮ ನಲ್ಲಿಯ ನೀರಿನ ಭವಿಷ್ಯ ಅಲ್ಲಿದೆ ಅಲ್ವಾ. 124.80 ಅಡಿ ತುಂಬಿದರೆ ಅಣೆಕಟ್ಟೆಯಲ್ಲಿ 49.45 ಟಿಎಂಸಿ ನೀರು. ಲೀಟರ್ ಲೆಕ್ಕಕ್ಕೆ ತಂದರೆ ಸುಮಾರು 1.4 ಲಕ್ಷ ಕೋಟಿ ಲೀಟರ್. ಈ ಪೂರ್ತಿ ನೀರಿಗೆ 1.4 ಕೆ.ಜಿ. ಸೀಸ ಹಾಕಿ, ಎಲ್ಲ ಕಡೆ ಸಮನಾಗಿ ಬೆರೆಸಿ, ಒಂದು ಬಾಟಲಿ ತುಂಬಿಕೊಂಡು ಬಂದಿರಿ ಅಂದುಕೊಳ್ಳಿ. ಆ ಬಾಟಲಿಯ ನೀರಿನಲ್ಲಿ ಸೀಸ ಇರುವುದು ಒಂದು ಪಿಪಿಟಿ. ಅಂದರೆ ಲಕ್ಷ ಕೋಟಿ ಪಾಲಿನಲ್ಲಿ ಒಂದು ಪಾಲು.

ಅಂಟಾರ್ಕ್ಟಿಕಾದ ಒಳನಾಡಿನ ಹಿಮದಲ್ಲಿ ಸೀಸ ಸಿಗುವುದು ಹೆಚ್ಚುಕಡಿಮೆ ಈ ಮಟ್ಟದಲ್ಲಿ. ಕೆಲವೇ ಪಿಪಿಟಿ. ಹಳೆಯ ಪದರಗಳಲ್ಲಿ ಒಂದಕ್ಕಿಂತಲೂ ಕಡಿಮೆ.

ನಾನು ಪೀಣ್ಯದ ಒಂದು ನೀರು ಪರೀಕ್ಷೆ ಲ್ಯಾಬಿನಲ್ಲಿ ಕೆಲಸ ಮಾಡುವವನು. ಕುಡಿಯುವ ನೀರಿನಲ್ಲಿ ಸೀಸಕ್ಕೆ ನಮ್ಮ ದೇಶದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಪಿಪಿಟಿಯಲ್ಲಿ ಹೇಳಿದರೆ 10,000. ಅದೇ ಅಣೆಕಟ್ಟೆಯ ಲೆಕ್ಕದಲ್ಲಿ 14 ಟನ್ ಸೀಸ. ಬೋರ್‌ವೆಲ್ ನೀರು ತಂದುಕೊಟ್ಟವರಿಗೆ ರಿಪೋರ್ಟ್ ಬರೆಯುವಾಗ ನಾವು ಯೋಚಿಸುವುದು ಈ ಮಟ್ಟದಲ್ಲಿ. ಧ್ರುವದ ಹಿಮ ಅಳೆಯುವವರು ಅದಕ್ಕಿಂತ ಸಾವಿರಾರು ಪಟ್ಟು ಕೆಳಗೆ ಕೆಲಸ ಮಾಡುತ್ತಾರೆ. ಅವರು ಬಳಸುವ ಮಷೀನು ಮಾತ್ರ ನಮ್ಮಲ್ಲಿರುವ ಜಾತಿಯದ್ದೇ. ಹಾಗಾದರೆ ವ್ಯತ್ಯಾಸ ಎಲ್ಲಿ?

ವ್ಯತ್ಯಾಸ ಇರುವುದು ಮಷೀನಿನ ಹೊರಗೆ. ಒಳ್ಳೆಯ ಮಷೀನು ಒಂದು ಪಿಪಿಟಿಯನ್ನು ಆರಾಮಾಗಿ ಓದುತ್ತದೆ. ಓದಿದ ಸೀಸ ಹಿಮದ್ದೋ, ಬಾಟಲಿಯದ್ದೋ, ಹಿಮ ತುಂಬಿದವನ ತಲೆಗೂದಲಿನದ್ದೋ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಸಿಕ್ಕ ಸೀಸ ನಮ್ಮಿಂದ ಬಂದದ್ದಲ್ಲ ಅಂತ ಸಾಬೀತು ಮಾಡುವುದಕ್ಕೇ ಇಲ್ಲಿ ಮುಕ್ಕಾಲು ಪಾಲು ಶ್ರಮ ಹೋಗುತ್ತದೆ.

ಯಾರೂ ಇಲ್ಲದ ಜಾಗಕ್ಕೆ ಲೋಹ ಹೋಗುವುದು ಹೇಗೆ?

ಗಾಳಿಯಲ್ಲಿ. ಅದಿರನ್ನು ಕುಲುಮೆಯಲ್ಲಿ ಕಾಯಿಸಿದಾಗ, ಕಲ್ಲಿದ್ದಲು ಸುಟ್ಟಾಗ, ಸೀಸ, ಕ್ಯಾಡ್ಮಿಯಂ, ಸತು, ಆರ್ಸೆನಿಕ್, ಆಂಟಿಮನಿ ಇವೆಲ್ಲ ಸ್ವಲ್ಪ ಆವಿಯಾಗುತ್ತವೆ. ಚಿಮಣಿ ದಾಟಿ ತಣ್ಣಗಾಗುತ್ತಿದ್ದಂತೆ ಆವಿ ಮತ್ತೆ ಗಟ್ಟಿಯಾಗಿ ಬಹಳ ಸಣ್ಣ ಕಣಗಳ ಮೇಲೆ ಕೂರುತ್ತದೆ. ಒಂದು ಮೈಕ್ರಾನ್‌ಗಿಂತ ಚಿಕ್ಕ ಕಣಗಳು. ರಸ್ತೆಯ ದಪ್ಪ ಧೂಳು ಗಂಟೆಗಳಲ್ಲಿ ನೆಲಕ್ಕೆ ಬೀಳುತ್ತದೆ. ಇವು ಬೀಳುವುದಿಲ್ಲ. ಮಳೆಯೋ ಹಿಮವೋ ತೊಳೆದು ಇಳಿಸುವ ತನಕ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಗಾಳಿಯಲ್ಲೇ ಇರುತ್ತವೆ. ಅಷ್ಟರಲ್ಲಿ ಖಂಡ ದಾಟಿರುತ್ತವೆ.

ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾದ ಒಳನಾಡಿನಲ್ಲಿ ಬಿದ್ದ ಹಿಮ ಕರಗುವುದಿಲ್ಲ. ಅದರ ಮೇಲೆ ಮುಂದಿನ ವರ್ಷದ ಹಿಮ ಬೀಳುತ್ತದೆ, ಅದರ ಮೇಲೆ ಇನ್ನೊಂದು ವರ್ಷದ್ದು. ಹೀಗೆ ಆ ವರ್ಷದ ಗಾಳಿಯಲ್ಲಿ ಏನಿತ್ತೋ ಅದು ವರ್ಷವಾರು ಪದರದಲ್ಲಿ ಉಳಿಯುತ್ತದೆ. ಬೆಂಗಳೂರಿನ ಗಾಳಿಯಲ್ಲಿ 1950ರಲ್ಲಿ ಸೀಸ ಎಷ್ಟಿತ್ತು ಅಂತ ಈಗ ಯಾರೂ ಹೇಳಲಾರರು, ಆಗ ಯಾರೂ ಅಳೆದಿರಲಿಲ್ಲ. ಗ್ರೀನ್‌ಲ್ಯಾಂಡ್‌ಗೆ ಆ ವರ್ಷ ಎಷ್ಟು ಬಂತು ಅಂತ ಇವತ್ತೂ ಹೇಳಬಹುದು.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಧ್ರುವದ ಹಿಮ ವಿಷ ಅಂತ ಯಾರೂ ಹೇಳುತ್ತಿಲ್ಲ. ಕುಡಿಯುವ ನೀರಿನ ಮಿತಿಗೆ ಹೋಲಿಸಿದರೆ ಅದು ಪರಮ ಶುದ್ಧ. ಶುದ್ಧ ಆಗಿರುವುದರಿಂದಲೇ ಅಲ್ಲಿ ಬಿದ್ದ ಚೂರೂ ಎದ್ದು ಕಾಣುತ್ತದೆ.

ಪ್ಯಾಟರ್ಸನ್ ಮಾಡಿದ ಕೆಲಸ

ಈ ಕ್ಷೇತ್ರದ ಕತೆ ಶುರುವಾಗುವುದು ಧ್ರುವದಲ್ಲಲ್ಲ, ಅಮೆರಿಕದ ಒಂದು ಲ್ಯಾಬಿನಲ್ಲಿ. ಕ್ಲೇರ್ ಪ್ಯಾಟರ್ಸನ್ ಅನ್ನುವವರು ಭೂಮಿಯ ವಯಸ್ಸು ಕಂಡುಹಿಡಿಯಲು ಹೊರಟಿದ್ದರು. ಯುರೇನಿಯಂ ನಿಧಾನವಾಗಿ ಕ್ಷಯಿಸಿ ಸೀಸ ಆಗುತ್ತದೆ. ಆದ್ದರಿಂದ ಕಲ್ಲಿನಲ್ಲಿರುವ ಸೀಸವನ್ನು ಸರಿಯಾಗಿ ಅಳೆದರೆ ವಯಸ್ಸು ಸಿಗುತ್ತದೆ. ಅಳೆಯಲು ಕೂತರೆ ಪ್ರತಿ ಸಲ ಉತ್ತರ ಬೇರೆ. ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಸೀಸ. ಅದು ನಲ್ಲಿ ನೀರಿನಿಂದ, ಗಾಜಿನ ಪಾತ್ರೆಯಿಂದ, ಲ್ಯಾಬಿನ ಗಾಳಿಯಿಂದ, ಮೈಕೈಯಿಂದ ಬರುತ್ತಿತ್ತು.

ಅವರು ವರ್ಷಗಟ್ಟಲೆ ಈ ಸೀಸದ ಬೆನ್ನು ಹತ್ತಿದರು. ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದಲ್ಲಿ ಶೋಧಿಸಿದ ಗಾಳಿ ಮಾತ್ರ ಒಳಗೆ ಬರುವ ಕೋಣೆ ಕಟ್ಟಿಸಿದರು, ಆಸಿಡ್‌ಗಳನ್ನು ತಾವೇ ಬಟ್ಟಿ ಇಳಿಸಿ ಶುದ್ಧ ಮಾಡಿಕೊಂಡರು. 1956ರಲ್ಲಿ ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷ ಅಂತ ಪ್ರಕಟಿಸಿದರು. ಆ ಸಂಖ್ಯೆ ಇವತ್ತಿಗೂ ಹೆಚ್ಚುಕಡಿಮೆ ಹಾಗೇ ನಿಂತಿದೆ.

ಆದರೆ ಅವರ ತಲೆಯಲ್ಲಿ ಇನ್ನೊಂದು ಪ್ರಶ್ನೆ ಕೊರೆಯುತ್ತಿತ್ತು. ಲ್ಯಾಬಿನಲ್ಲಿ ಎಲ್ಲೆಲ್ಲೂ ಇರುವ ಈ ಸೀಸ ಮೊದಲಿಗೆ ಬಂದಿದ್ದಾದರೂ ಎಲ್ಲಿಂದ? 1920ರ ದಶಕದಿಂದ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಲಾಗುತ್ತಿತ್ತು, ಎಂಜಿನ್ ಬಡಿಯದೆ ಓಡಲಿ ಅಂತ. ಸೀಸ ಪ್ರಕೃತಿಯಲ್ಲೇ ಇರುವಂಥದ್ದು, ಗಾಳಿಯಲ್ಲಿ ಇದ್ದರೆ ಏನೂ ತೊಂದರೆಯಿಲ್ಲ ಅನ್ನುವುದು ಉದ್ಯಮದವರ ವಾದ. ಇದನ್ನು ಪರೀಕ್ಷಿಸಬೇಕಾದರೆ ಕಾರು, ಕುಲುಮೆ ಹುಟ್ಟುವುದಕ್ಕೆ ಮುಂಚಿನ ಗಾಳಿ ಬೇಕು. ಅದು ಇರುವುದು ಹಿಮದಲ್ಲಿ.

1969ರಲ್ಲಿ ಮುರೋಜುಮಿ, ಚೌ ಮತ್ತು ಪ್ಯಾಟರ್ಸನ್ ಮೂವರೂ ಸೇರಿ ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕಾದ ಹಿಮದ ಲೆಕ್ಕ ಕೊಟ್ಟರು. ಗ್ರೀನ್‌ಲ್ಯಾಂಡ್‌ನಲ್ಲಿ ಕ್ರಿ.ಪೂ. 800ರ ಪದರದಲ್ಲಿ ಒಂದು ಪಿಪಿಟಿಗಿಂತ ಕಡಿಮೆ ಸೀಸ. 1960ರ ದಶಕದ ಹಿಮದಲ್ಲಿ 200 ಪಿಪಿಟಿಗೂ ಜಾಸ್ತಿ. ಏರಿಕೆಯಲ್ಲಿ ಅತಿ ಕಡಿದಾದ ಭಾಗ 1940ರ ನಂತರದ್ದು. ಪ್ರಕೃತಿಯಲ್ಲಿ ಸಹಜವಾಗಿ ಇರುವಂಥದ್ದು ಅನ್ನುವ ವಾದ ಅಲ್ಲಿಗೆ ಕುಂಟತೊಡಗಿತು.

ನನಗೆ ಇದಕ್ಕಿಂತ ಇಷ್ಟವಾಗುವುದು ಆಮೇಲೆ ನಡೆದದ್ದು. ಅದೇ ಲೇಖನದಲ್ಲಿ ಅಂಟಾರ್ಕ್ಟಿಕಾದ ಹೊಸ ಹಿಮಕ್ಕೆ ಸುಮಾರು 20 ಪಿಪಿಟಿ ಅಂತ ಕೊಟ್ಟಿದ್ದರು. ಮುಂದೆ ಪ್ಯಾಟರ್ಸನ್ ಮತ್ತು ಫ್ರಾನ್ಸಿನ ಕ್ಲೋಡ್ ಬುತ್ರೋಂ ಇನ್ನೂ ಕಟ್ಟುನಿಟ್ಟಾಗಿ ಹಿಮ ತೆಗೆದು ಅಳೆದಾಗ ಸಿಕ್ಕಿದ್ದು ಕೆಲವೇ ಪಿಪಿಟಿ. ಅಷ್ಟು ಜಾಗ್ರತೆ ಮಾಡಿದವರ ಮೊದಲ ಸಂಖ್ಯೆಯಲ್ಲೂ ಮನುಷ್ಯರು ಕೊಂಡೊಯ್ದ ಸೀಸ ಸೇರಿತ್ತು. 1970, 80ರ ದಶಕಗಳಲ್ಲಿ ಬೇರೆ ಗುಂಪುಗಳು ಪ್ರಕಟಿಸಿದ ಎಷ್ಟೋ ಸಂಖ್ಯೆಗಳನ್ನು ಇದೇ ಕಾರಣಕ್ಕೆ ಮೂಲೆಗೆ ಹಾಕಬೇಕಾಯಿತು. ಅವರ ಮಷೀನು ಕೆಟ್ಟಿರಲಿಲ್ಲ. ಮಷೀನು ನಿಜವನ್ನೇ ಓದಿತ್ತು, ಹಿಮದ್ದಲ್ಲದ ನಿಜವನ್ನು.

ಹಿಮ ತುಂಬುವ ರೀತಿ

ಕೆಲಸ ಶುರುವಾಗುವುದು ಧ್ರುವಕ್ಕೆ ಹೊರಡುವ ಎಷ್ಟೋ ವಾರಗಳ ಮುಂಚೆ, ಬಾಟಲಿ ತೊಳೆಯುವುದರಿಂದ. ಪಾಲಿಥೀನ್ ಬಾಟಲಿಗಳನ್ನು ಬಿಸಿ ನೈಟ್ರಿಕ್ ಆಸಿಡ್‌ನಲ್ಲಿ ಮುಳುಗಿಸಿ ಇಡುತ್ತಾರೆ. ಒಂದಲ್ಲ, ಸಾಲಾಗಿ ಹಲವು ತೊಟ್ಟಿಗಳು. ಪ್ರತಿ ಮುಂದಿನ ತೊಟ್ಟಿಯಲ್ಲಿ ಹಿಂದಿನದ್ದಕ್ಕಿಂತ ಶುದ್ಧವಾದ ಆಸಿಡ್. ಪ್ಲಾಸ್ಟಿಕ್ಕಿನ ಒಳಗೆ ತಯಾರಿಕೆಯ ಹೊತ್ತಿಗೇ ಸೇರಿಕೊಂಡ ಲೋಹವನ್ನು ಹೀಗೆ ನಿಧಾನವಾಗಿ ಹೊರಗೆಳೆಯಬೇಕು. ಕೊನೆಗೆ ಅತಿ ಶುದ್ಧ ನೀರಿನಲ್ಲಿ ತೊಳೆದು, ಎರಡು ಮೂರು ಪ್ಲಾಸ್ಟಿಕ್ ಚೀಲಗಳಲ್ಲಿ ಒಂದರೊಳಗೊಂದು ಕಟ್ಟುತ್ತಾರೆ.

ಇದೆಲ್ಲ ನಡೆಯುವುದು ಕ್ಲೀನ್ ರೂಮಿನಲ್ಲಿ. ಬೆಂಗಳೂರಿಗೆ ಕ್ಲೀನ್ ರೂಮು ಹೊಸದೇನಲ್ಲ. ಇಸ್ರೋದವರು ಉಪಗ್ರಹ ಜೋಡಿಸುವುದೂ, ಐಐಎಸ್‌ಸಿಯ ನ್ಯಾನೊ ವಿಜ್ಞಾನ ಕೇಂದ್ರದವರು ಚಿಪ್ ಮಾಡುವುದೂ ಅಂಥ ಕೋಣೆಗಳಲ್ಲೇ. ಅತಿ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ದಾಟಿದ ಗಾಳಿ ಮೇಲಿಂದ ಇಳಿಯುತ್ತಿರುತ್ತದೆ. ಲೋಹ ಅಳೆಯುವವರ ಕೋಣೆಗೆ ಇನ್ನೊಂದು ಶರತ್ತಿದೆ. ಒಳಗೆ ಲೋಹ ಆದಷ್ಟು ಕಡಿಮೆ ಇರಬೇಕು. ತುಕ್ಕು ಹಿಡಿಯುವ ಸ್ಕ್ರೂ, ಉಕ್ಕಿನ ಬೆಂಚು ಯಾವುದೂ ಬೇಡ. ಧೂಳಿಲ್ಲದ ಕೋಣೆ ಅಂದಮಾತ್ರಕ್ಕೆ ಲೋಹವಿಲ್ಲದ ಕೋಣೆ ಅಂತ ಅರ್ಥ ಅಲ್ಲ.

ಇನ್ನು ಹಿಮದ ಮೇಲೆ. ಸಂಶೋಧನಾ ನೆಲೆಯ ಪಕ್ಕ ಹಿಮ ತೆಗೆಯುವಂತಿಲ್ಲ, ಅಲ್ಲಿ ಡೀಸೆಲ್ ಜನರೇಟರ್ ಓಡುತ್ತಿರುತ್ತದೆ. ಗಾಳಿ ಬರುವ ದಿಕ್ಕಿಗೆ ದೂರ ಹೋಗಬೇಕು. ಸ್ನೋ ಸ್ಕೂಟರ್ ದೂರದಲ್ಲೇ ನಿಲ್ಲಿಸಿ, ಕೊನೆಯ ಹಾದಿಯನ್ನು ಗಾಳಿಗೆ ಎದುರಾಗಿ ನಡೆದುಕೊಂಡು ಹೋಗಬೇಕು. ದಪ್ಪ ಚಳಿಯಂಗಿಯ ಮೇಲೆ ಬಿಳಿಯ ಧೂಳುರಹಿತ ಅಂಗಿ, ಮುಖಕ್ಕೆ ಮಾಸ್ಕ್, ಕೈಗೆ ಉದ್ದನೆಯ ಪಾಲಿಥೀನ್ ಗ್ಲೌಸ್. ಗುಂಡಿ ತೋಡಿದ ಮೇಲೆ ಗಾಳಿಗೆ ಎದುರಾದ ಗೋಡೆಯನ್ನು ಆಸಿಡ್‌ನಲ್ಲಿ ತೊಳೆದ ಪ್ಲಾಸ್ಟಿಕ್ ಸಲಾಕೆಯಿಂದ ಕೆರೆದು ತೆಗೆಯುತ್ತಾರೆ, ಯಾಕೆಂದರೆ ತೋಡಿದ ಸನಿಕೆ ಅದನ್ನು ಮುಟ್ಟಿದೆ. ಆಮೇಲೆ ತೊಳೆದ ಪ್ಲಾಸ್ಟಿಕ್ ಕೊಳವೆಯನ್ನು ಅಡ್ಡಡ್ಡ ಒಳಗೆ ತಳ್ಳಿ ಹಿಮ ತುಂಬುತ್ತಾರೆ. ಕೆಳಗಿನಿಂದ ಮೇಲಕ್ಕೆ ತೆಗೆಯುವುದು ವಾಸಿ, ಉದುರಿದ ಹಿಮ ಮುಂದಿನ ಪದರವನ್ನು ಕೆಡಿಸುವುದಿಲ್ಲ. ಮೈನಸ್ ಇಪ್ಪತ್ತು ಮೂವತ್ತು ಡಿಗ್ರಿಯಲ್ಲಿ, ತೆಳ್ಳನೆ ಪ್ಲಾಸ್ಟಿಕ್ ಗ್ಲೌಸ್ ಹಾಕಿಕೊಂಡು ಬಾಟಲಿ ಮುಚ್ಚಳ ತಿರುಗಿಸುವ ಕೆಲಸ ಇದು. ಸಂಶೋಧನಾ ಲೇಖನಗಳಲ್ಲಿ ಇದಕ್ಕೆ ಎರಡು ಸಾಲು ಸಿಕ್ಕರೆ ಹೆಚ್ಚು.

ಪಾದರಸದ ವಿಷಯ ಬಂದಾಗ ಈ ನಿಯಮಗಳಲ್ಲಿ ಒಂದು ಉಲ್ಟಾ ಆಗುತ್ತದೆ. ಪಾಲಿಥೀನ್ ಬಾಟಲಿ ನಡೆಯುವುದಿಲ್ಲ. ಪಾದರಸದ ಆವಿ ಅದರ ಗೋಡೆ ದಾಟಿ ಒಳಗೂ ಹೊರಗೂ ಓಡಾಡುತ್ತದೆ. ಗಾಜು ಇಲ್ಲವೇ ಟೆಫ್ಲಾನ್ ಬೇಕು. ಬಿಸಿಲೂ ತಾಗಬಾರದು.

ಆಳದ ಹಿಮಕ್ಕೆ ಗುಂಡಿ ಸಾಲದು, ಕೊರೆದು ಐಸ್ ಕೋರ್, ಅಂದರೆ ಮಂಜುಗಡ್ಡೆಯ ಉದ್ದನೆಯ ಕಂಬ, ತೆಗೆಯಬೇಕು. ಕೊರೆಯುವ ಯಂತ್ರ ಲೋಹದ್ದು. ಆಳಕ್ಕೆ ಹೋದಂತೆ ಬಾವಿ ಒತ್ತಡಕ್ಕೆ ಮುಚ್ಚಿಕೊಳ್ಳದಿರಲಿ ಅಂತ ಅದರೊಳಗೆ ಸೀಮೆಎಣ್ಣೆಯಂಥ ದ್ರವ ತುಂಬಿರುತ್ತಾರೆ. ಕೋರಿನ ಹೊರಮೈ ಪೂರ್ತಿ ಕೊಳಕು. ಪ್ಯಾಟರ್ಸನ್ ಮತ್ತವರ ಜೊತೆಗಾರರು ಇದಕ್ಕೊಂದು ಉಪಾಯ ತಂದರು. ಕೊರೆಯುವ ಚಳಿಯ ಕೋಣೆಯಲ್ಲಿ ಕೋರನ್ನು ಹೊರಗಿನಿಂದ ಪದರ ಪದರವಾಗಿ ಉಳಿಯಿಂದ ಕೆತ್ತುತ್ತಾ, ಪ್ರತಿ ಪದರವನ್ನೂ ಬೇರೆಯಾಗಿ ಅಳೆಯುವುದು. ಹೊರಗಡೆ ಸೀಸ ಸಾವಿರಗಟ್ಟಲೆ ಪಿಪಿಟಿ ಇರಬಹುದು. ಒಳಗೆ ಹೋದಂತೆ ಇಳಿಯುತ್ತದೆ. ಒಂದು ಹಂತದ ನಂತರ ಇಳಿಯುವುದು ನಿಂತು ಎರಡು ಮೂರು ಪದರದಲ್ಲಿ ಒಂದೇ ಸಂಖ್ಯೆ ಬಂದರೆ, ಅದನ್ನು ನಂಬಬಹುದು. ನಡುಭಾಗದ ತನಕವೂ ಇಳಿಯುತ್ತಲೇ ಇದ್ದರೆ ಆ ತುಂಡನ್ನು ಬಿಟ್ಟುಬಿಡಬೇಕು. ಈಗ ಕೆಲವು ಕಡೆ, ಮುಖ್ಯವಾಗಿ ಅಮೆರಿಕದ ನೆವಾಡದ ಡೆಸರ್ಟ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ, ಕೋರಿನ ಉದ್ದನೆಯ ತುಂಡನ್ನು ಬಿಸಿ ತಟ್ಟೆಯ ಮೇಲೆ ನಿಲ್ಲಿಸಿ ಕರಗಿಸುತ್ತಾರೆ. ತಟ್ಟೆಯಲ್ಲಿ ವೃತ್ತದೊಳಗೆ ವೃತ್ತವಾಗಿ ಗೆರೆಗಳಿರುತ್ತವೆ. ನಡುವಿನ ನೀರು ಮಾತ್ರ ಸೀದಾ ಮಷೀನಿಗೆ ಹೋಗುತ್ತದೆ, ಅಂಚಿನದ್ದು ಚರಂಡಿಗೆ.

ಏನೂ ಇಲ್ಲದ ಬಾಟಲಿ

ನಮ್ಮ ಲ್ಯಾಬಿಗೆ ಹೊಸದಾಗಿ ಸೇರುವ ಹುಡುಗರು ಒಂದಲ್ಲ ಒಂದು ದಿನ ಕೇಳುತ್ತಾರೆ, "ಸರ್, ಬ್ಲ್ಯಾಂಕ್ ಯಾಕೆ ಓಡಿಸ್ಬೇಕು? ಅದ್ರಲ್ಲಿ ಏನೂ ಇರಲ್ಲ ಅಲ್ವಾ?"

ಏನೂ ಇಲ್ಲ ಅಂತ ಹೇಳಿದ್ದು ಯಾರು ಅನ್ನುವುದೇ ಪ್ರಶ್ನೆ. ಬ್ಲ್ಯಾಂಕ್ ಅಂದರೆ ಅತಿ ಶುದ್ಧ ನೀರು ತುಂಬಿದ ಬಾಟಲಿ. ಧ್ರುವದ ಕೆಲಸದಲ್ಲಿ ಅದೂ ಬೇರೆ ಬಾಟಲಿಗಳ ಜೊತೆ ಹಡಗು ಹತ್ತುತ್ತದೆ. ಗುಂಡಿಗೆ ಇಳಿಯುತ್ತದೆ, ಅಲ್ಲಿ ಅದರ ಮುಚ್ಚಳ ತೆಗೆದು ಹಾಕುತ್ತಾರೆ, ವಾಪಸ್ ಬರುತ್ತದೆ, ಅದಕ್ಕೂ ಅದೇ ಆಸಿಡ್ ಹನಿ ಹಾಕಿ ಅದೇ ಮಷೀನಿಗೆ ಕೊಡುತ್ತಾರೆ. ಹಿಮ ಒಂದನ್ನು ಬಿಟ್ಟು ಹಿಮದ ಬಾಟಲಿಗೆ ಆದದ್ದೆಲ್ಲ ಇದಕ್ಕೂ ಆಗಬೇಕು. ಹಾಗಾಗಿ ಇದರಲ್ಲಿ ಸಿಕ್ಕ ಸೀಸ ಪೂರ್ತಿ ನಮ್ಮದು.

ಅದನ್ನು ಕಳೆದುಬಿಟ್ಟರೆ ಆಯ್ತಲ್ಲ ಅನ್ನಿಸಬಹುದು. ಅಷ್ಟು ಸುಲಭ ಇಲ್ಲ. ಮೂರು ಬ್ಲ್ಯಾಂಕ್ ಇವೆ ಅಂದುಕೊಳ್ಳಿ, ಮೂರರಲ್ಲೂ 0.5 ಪಿಪಿಟಿ. ಹಿಮದಲ್ಲಿ 1.2 ಬಂದಿದೆ. ಕಳೆದರೆ 0.7, ನೆಮ್ಮದಿಯಾಗಿ ಬರೆಯಬಹುದು. ಈಗ ಮೂರು ಬ್ಲ್ಯಾಂಕ್‌ಗಳಲ್ಲಿ 0.1, 0.2, 1.2 ಬಂದಿದೆ ಅಂದುಕೊಳ್ಳಿ. ಸರಾಸರಿ ಅದೇ 0.5. ಆದರೆ ಈ ಸಲ ನಿಮ್ಮ ಹಿಮದ ಬಾಟಲಿ ಯಾವ ಬ್ಲ್ಯಾಂಕಿನ ಥರ ಕೊಳಕಾಯಿತು ಅಂತ ಹೇಳಲು ದಾರಿಯಿಲ್ಲ. ಹಿಮದಲ್ಲಿ ಏನೂ ಇಲ್ಲದಿರಲೂಬಹುದು. ಬ್ಲ್ಯಾಂಕ್ ದೊಡ್ಡದಿದ್ದರೆ ಸಹಿಸಬಹುದು, ಏರುಪೇರು ಇದ್ದರೆ ಕಷ್ಟ. ಅದಕ್ಕೇ ಲ್ಯಾಬುಗಳು ಪತ್ತೆ ಮಿತಿ ಅಂತ ಕೊಡುವ ಸಂಖ್ಯೆಯನ್ನು ಸಾಮಾನ್ಯವಾಗಿ ಬ್ಲ್ಯಾಂಕ್‌ಗಳ ಏರುಪೇರಿನ ಮೂರು ಪಟ್ಟು ಅಂತ ಲೆಕ್ಕ ಹಾಕುತ್ತವೆ. ಅದಕ್ಕಿಂತ ಕೆಳಗೆ ಬಂದದ್ದನ್ನು ಸೊನ್ನೆ ಅಂತ ಓದಬಾರದು. ಇದೆಯೋ ಇಲ್ಲವೋ ಹೇಳಲಾಗದು, ಅಷ್ಟೇ.

ಮಷೀನಿನ ಬಗ್ಗೆ ನಾಲ್ಕು ಮಾತು ಸಾಕು. ಐಸಿಪಿ-ಎಂಎಸ್ ಅಂತ ಅದರ ಹೆಸರು. ಕರಗಿದ ಹಿಮವನ್ನು ತುಂತುರು ಮಾಡಿ ಆರ್ಗಾನ್ ಅನಿಲದ ಪ್ಲಾಸ್ಮಾಕ್ಕೆ ಬಿಡುತ್ತಾರೆ. ಅದರ ತಾಪ ಸಾವಿರಾರು ಡಿಗ್ರಿ, ಸೂರ್ಯನ ಮೇಲ್ಮೈಗಿಂತ ಬಿಸಿ. ಅಲ್ಲಿ ಎಲ್ಲವೂ ಒಡೆದು ವಿದ್ಯುದಾವೇಶ ಇರುವ ಪರಮಾಣುಗಳಾಗುತ್ತವೆ. ಅವನ್ನು ತೂಕದ ಪ್ರಕಾರ ಬೇರೆ ಮಾಡಿ ಎಣಿಸುವುದು. ಪರಮಾಣುಗಳನ್ನು ಒಂದೊಂದಾಗಿ ಎಣಿಸುವುದರಿಂದಲೇ ಇಷ್ಟು ಕೆಳಗೆ ಇಳಿಯಲು ಆಗುತ್ತದೆ.

ಸಿಕ್ಕಿದ್ದು ಯಾರದ್ದು?

ಸರಿ, ಸೀಸ ನಿಜವಾಗಲೂ ಹಿಮದ್ದೇ ಅಂತ ಗಟ್ಟಿಯಾಯಿತು. ಆದರೂ ಅದು ಮನುಷ್ಯರದ್ದು ಅಂತ ಹೇಳಲು ಆಗುವುದಿಲ್ಲ. ಮಣ್ಣಿನ ಧೂಳಿನಲ್ಲೂ ಸೀಸ ಇದೆ, ಸಮುದ್ರದ ಉಪ್ಪಿನಲ್ಲೂ, ಜ್ವಾಲಾಮುಖಿಯ ಹೊಗೆಯಲ್ಲೂ ಇದೆ.

ಮೊದಲ ಜರಡಿ ಅಲ್ಯುಮಿನಿಯಂ. ಭೂಮಿಯ ಹೊರಪದರದ ಕಲ್ಲು ಮಣ್ಣಿನಲ್ಲಿ ಸುಮಾರು 5000 ಪಾಲು ಅಲ್ಯುಮಿನಿಯಂಗೆ ಒಂದು ಪಾಲು ಸೀಸ. ಹಿಮದಲ್ಲೂ ಇದೇ ಅನುಪಾತ ಸಿಕ್ಕರೆ ಬಂದದ್ದು ಬರೀ ಧೂಳು. ಅಲ್ಲಿ 50 ಪಾಲು ಅಲ್ಯುಮಿನಿಯಂಗೇ ಒಂದು ಪಾಲು ಸೀಸ ಇದ್ದರೆ, ಧೂಳು ತರಬಹುದಾದ್ದಕ್ಕಿಂತ ನೂರು ಪಟ್ಟು ಜಾಸ್ತಿ. 1974ರಲ್ಲಿ ಜೋಲರ್, ಗ್ಲಾಡ್ನಿ, ಡ್ಯೂಸ್ ಮೂವರು ದಕ್ಷಿಣ ಧ್ರುವದ ಗಾಳಿಗೆ ಈ ಲೆಕ್ಕ ಹಾಕಿದರು. ಕಬ್ಬಿಣದಂಥವು ಮಣ್ಣಿನ ಅನುಪಾತದಲ್ಲೇ ಇದ್ದವು. ಸತು, ತಾಮ್ರ, ಸೀಸ, ಆಂಟಿಮನಿ, ಸೆಲೆನಿಯಂ ತುಂಬಾ ಮೇಲಿದ್ದವು. ಇದನ್ನು ಓದುವಾಗ ಅವಸರ ಮಾಡಬಾರದು. ಅಂಟಾರ್ಕ್ಟಿಕಾದಲ್ಲಿ ಎರೆಬಸ್ ಅನ್ನುವ ಜ್ವಾಲಾಮುಖಿ ಹೊಗೆಯಾಡುತ್ತಲೇ ಇರುತ್ತದೆ, ಅದರ ಹೊಗೆಯಲ್ಲೂ ಆವಿಯಾಗುವ ಲೋಹಗಳು ಇವೆ. ಧೂಳಲ್ಲ ಅಂದ ಕೂಡಲೇ ಕಾರ್ಖಾನೆ ಅಂತ ಆಗುವುದಿಲ್ಲ.

ಎರಡನೇ ಜರಡಿ ಸೀಸಕ್ಕೆ ಮಾತ್ರ ಇರುವ ಒಂದು ಅನುಕೂಲ. ಸೀಸದಲ್ಲಿ 204, 206, 207, 208 ತೂಕದ ನಾಲ್ಕು ಐಸೊಟೋಪ್‌ಗಳಿವೆ, ಅಂದರೆ ಸೀಸದ್ದೇ ಆದರೂ ತೂಕ ಬೇರೆ ಇರುವ ನಾಲ್ಕು ಬಗೆಯ ಪರಮಾಣುಗಳು. 204 ಮೊದಲಿನಿಂದಲೂ ಇದ್ದಷ್ಟೇ ಇದೆ. ಉಳಿದ ಮೂರು ಯುರೇನಿಯಂ, ಥೋರಿಯಂ ಕ್ಷಯಿಸುತ್ತಾ ಹೆಚ್ಚಾಗುತ್ತಿವೆ. ಅದಿರು ಯಾವಾಗ ಯುರೇನಿಯಂನಿಂದ ಬೇರೆಯಾಗಿ ಗಟ್ಟಿಯಾಯಿತೋ ಆ ಹೊತ್ತಿಗೆ ಅನುಪಾತ ನಿಂತುಹೋಗುತ್ತದೆ. ಹೀಗಾಗಿ ಒಂದೊಂದು ಗಣಿಯ ಸೀಸಕ್ಕೆ ಒಂದೊಂದು ಗುರುತು. ಕಾಯಿಸಿ, ಕರಗಿಸಿ, ಪೆಟ್ರೋಲಿಗೆ ಬೆರೆಸಿ ಸುಟ್ಟರೂ ಅದು ಅಳಿಸುವುದಿಲ್ಲ.

ಆಸ್ಟ್ರೇಲಿಯಾದ ಬ್ರೋಕನ್ ಹಿಲ್ ಗಣಿಯ ಅದಿರು ಬಹಳ ಹಳೆಯದು. ಅದರಲ್ಲಿ 206 ಕಡಿಮೆ, ಗುರುತು ಸುಲಭ. 2014ರಲ್ಲಿ ಜೋಸೆಫ್ ಮೆಕಾನೆಲ್ ಮತ್ತು ಸಂಗಡಿಗರು ಅಂಟಾರ್ಕ್ಟಿಕಾದ ಬೇರೆ ಬೇರೆ ಕಡೆಯ 16 ಐಸ್ ಕೋರ್‌ಗಳನ್ನು ಅಳೆದು ಪ್ರಕಟಿಸಿದರು. ಸೀಸ ಏಕಾಏಕಿ ಏರುವುದು 1889ರಲ್ಲಿ. ಗುರುತು ನೋಡಿದರೆ ಬ್ರೋಕನ್ ಹಿಲ್‌ನದ್ದು. ಆ ಅದಿರನ್ನು ಪೋರ್ಟ್ ಪಿರಿ ಊರಿನ ಕುಲುಮೆಗಳಲ್ಲಿ ಕರಗಿಸಲು ಶುರು ಮಾಡಿದ್ದೂ ಅದೇ ವರ್ಷ. ಅಮುಂಡ್ಸನ್ ಎಲ್ಲರಿಗಿಂತ ಮೊದಲು ದಕ್ಷಿಣ ಧ್ರುವ ಮುಟ್ಟಿದ್ದು 1911ರ ಡಿಸೆಂಬರ್‌ನಲ್ಲಿ. ಅವನಿಗಿಂತ 22 ವರ್ಷ ಮುಂಚೆ ಕುಲುಮೆಯ ಹೊಗೆ ಆ ಖಂಡಕ್ಕೆ ತಲುಪಿತ್ತು. ಅಲ್ಲಿಂದ ಸುಮಾರು 130 ವರ್ಷಗಳಲ್ಲಿ ಇಡೀ ಖಂಡದ ಮೇಲೆ ಬಿದ್ದ ಕೈಗಾರಿಕೆಯ ಸೀಸ 660 ಟನ್ ಅಂತ ಅವರ ಅಂದಾಜು. ನಡುವೆ 1930ರ ಆಸುಪಾಸಿನ ಆರ್ಥಿಕ ಕುಸಿತದಲ್ಲಿ ಒಂದು ಸಲ, ಎರಡನೇ ಮಹಾಯುದ್ಧದ ಕೊನೆಯಲ್ಲಿ ಇನ್ನೊಂದು ಸಲ ತಗ್ಗಿದ್ದೂ ಹಿಮದಲ್ಲಿ ಕಾಣುತ್ತದೆ.

ಗ್ರೀನ್‌ಲ್ಯಾಂಡ್‌ನಲ್ಲಿ ಇನ್ನೂ ಹಿಂದಕ್ಕೆ ಹೋಗಬಹುದು. ಕ್ರಿ.ಪೂ. 500ರಿಂದ ಕ್ರಿ.ಶ. 300ರವರೆಗಿನ ಪದರಗಳಲ್ಲಿ ಸೀಸ ಸಹಜ ಮಟ್ಟದ ನಾಲ್ಕು ಪಟ್ಟು ಇದೆ ಅಂತ 1994ರಲ್ಲಿ ವಿಜ್ಞಾನಿಗಳು ತೋರಿಸಿದರು. ಗ್ರೀಕರು, ರೋಮನ್ನರು ಬೆಳ್ಳಿಗಾಗಿ ಸೀಸದ ಅದಿರು ಕಾಯಿಸಿದ ಹೊಗೆ ಅದು.

ಗಾಳಿ, ಮತ್ತೆ ಪಾದರಸದ ತಮಾಷೆ

ಹಿಮ ಹಳೆಯ ಕತೆ ಹೇಳುತ್ತದೆ. ಇವತ್ತಿನದ್ದು ಬೇಕಾದರೆ ಗಾಳಿ ಅಳೆಯಬೇಕು. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಪಂಪ್ ಇಟ್ಟು ಒಂದು ದಿನ ಗಾಳಿ ಎಳೆದರೆ ಫಿಲ್ಟರ್ ಕಪ್ಪಾಗುತ್ತದೆ, ಅಳೆಯಲು ಬೇಕಾದಷ್ಟು ಸಿಗುತ್ತದೆ. ನಮ್ಮ ದೇಶದ ಗಾಳಿಯ ಮಾನದಂಡದಲ್ಲಿ ಸೀಸಕ್ಕೆ ವರ್ಷದ ಸರಾಸರಿ ಮಿತಿ ಘನ ಮೀಟರಿಗೆ 0.5 ಮೈಕ್ರೋಗ್ರಾಂ, ಅಂದರೆ 5 ಲಕ್ಷ ಪಿಕೊಗ್ರಾಂ. ಧ್ರುವದಲ್ಲಿ ಪಿಕೊಗ್ರಾಂಗಳನ್ನೇ ಎಣಿಸಬೇಕು. ಆದ್ದರಿಂದ ಒಂದೇ ಫಿಲ್ಟರ್ ಮೇಲೆ ದಿನಗಟ್ಟಲೆ ಪಂಪ್ ಓಡಿಸುತ್ತಾರೆ. ಅಷ್ಟು ಹೊತ್ತಿನಲ್ಲಿ ಗಾಳಿ ಒಮ್ಮೆ ನೆಲೆಯ ಕಡೆಯಿಂದ ಬೀಸಿದರೂ ವಾರದ ಕೆಲಸ ಹಾಳು. ಅದಕ್ಕೆ ಗಾಳಿಯ ದಿಕ್ಕು ನೋಡುವ ಸಾಧನಕ್ಕೆ ಪಂಪನ್ನು ಜೋಡಿಸಿರುತ್ತಾರೆ. ದಿಕ್ಕು ಬದಲಾದರೆ ಪಂಪ್ ತಾನೇ ನಿಲ್ಲುತ್ತದೆ. ಪಂಪಿನ ಮೋಟಾರಿನ ಬ್ರಷ್‌ನಿಂದಲೇ ತಾಮ್ರ ಉದುರುತ್ತದೆ, ಹಾಗಾಗಿ ಅದು ಬಿಡುವ ಗಾಳಿಯನ್ನು ಪೈಪ್ ಹಾಕಿ ದೂರ ಬಿಡಬೇಕು. ದಕ್ಷಿಣ ಧ್ರುವದ ಅಮೆರಿಕನ್ ನೆಲೆಯಲ್ಲಿ ಗಾಳಿ ಹೆಚ್ಚಾಗಿ ಒಂದೇ ಕಡೆಯಿಂದ ಬೀಸುತ್ತದೆ. ಆ ದಿಕ್ಕಿನ ಜಾಗವನ್ನು ಶುದ್ಧ ಗಾಳಿಯ ವಲಯ ಅಂತ ಮೀಸಲಿಟ್ಟು ಓಡಾಟವನ್ನೇ ತಡೆದಿದ್ದಾರೆ.

ಪಾದರಸ ಮಾತ್ರ ಫಿಲ್ಟರಿಗೆ ಸಿಗುವುದಿಲ್ಲ. ಅದರ ಬಹುಪಾಲು ಗಾಳಿಯಲ್ಲಿ ಇರುವುದೇ ಅನಿಲವಾಗಿ, ತಿಂಗಳುಗಟ್ಟಲೆ. ಅದನ್ನು ಹಿಡಿಯಲು ಚಿನ್ನ ಬೇಕು. ಪಾದರಸ ಚಿನ್ನಕ್ಕೆ ಅಂಟುತ್ತದೆ ಅನ್ನುವುದನ್ನು ನಗರ್ತಪೇಟೆಯ ಅಕ್ಕಸಾಲಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಾಧನದೊಳಗೆ ಎರಡು ಚಿನ್ನದ ಬಲೆಗಳಿರುತ್ತವೆ. ಒಂದು ಐದು ನಿಮಿಷ ಗಾಳಿಯಿಂದ ಪಾದರಸ ಹಿಡಿಯುವಾಗ ಇನ್ನೊಂದನ್ನು ಕಾಯಿಸಿ ಹಿಡಿದದ್ದನ್ನು ಬಿಡಿಸುತ್ತಾರೆ. ಬಿಟ್ಟ ಆವಿಯ ಮೇಲೆ 253.7 ನ್ಯಾನೊಮೀಟರ್‌ನ ಅತಿನೇರಳೆ ಬೆಳಕು ಬಿಟ್ಟರೆ ಅದು ಹೊಳೆಯುತ್ತದೆ. ಹೊಳಪು ಅಳೆದರೆ ಪಾದರಸ ಎಷ್ಟು ಅಂತ ಗೊತ್ತಾಗುತ್ತದೆ.

ಇಂಥ ಸಾಧನವನ್ನು ಕೆನಡಾದ ಉತ್ತರ ತುದಿಯ ಅಲರ್ಟ್ ನೆಲೆಯಲ್ಲಿ 1995ರಲ್ಲಿ ಓಡಿಸುತ್ತಿದ್ದವರಿಗೆ ವಿಚಿತ್ರ ಕಂಡಿತು. ಉತ್ತರ ಗೋಳದ ಗಾಳಿಯಲ್ಲಿ ಪಾದರಸ ಘನ ಮೀಟರಿಗೆ ಸುಮಾರು ಒಂದೂವರೆ ನ್ಯಾನೊಗ್ರಾಂ ಇರುತ್ತದೆ, ಹೆಚ್ಚು ಏರಿಳಿತ ಇಲ್ಲ. ಚಳಿಗಾಲದ ಉದ್ದನೆಯ ರಾತ್ರಿ ಮುಗಿದು ಸೂರ್ಯ ಹುಟ್ಟಿದ ಮೇಲೆ, ವಸಂತದಲ್ಲಿ, ಅದು ಗಂಟೆಗಳಲ್ಲಿ ಹೆಚ್ಚುಕಡಿಮೆ ಸೊನ್ನೆಗೆ ಇಳಿಯುತ್ತಿತ್ತು. ಆಮೇಲೆ ವಾಪಸ್ ಏರುತ್ತಿತ್ತು, ಮತ್ತೆ ಇಳಿಯುತ್ತಿತ್ತು. ನೆಲದ ಹತ್ತಿರದ ಓಝೋನ್ ಕೂಡ ಅದೇ ಹೊತ್ತಿಗೆ ಮಾಯ. ಸಾಧನ ಕೆಟ್ಟಿದೆ ಅಂತ ಯಾರಿಗಾದರೂ ಅನ್ನಿಸಬೇಕು. ಕೆಟ್ಟಿರಲಿಲ್ಲ. 1998ರಲ್ಲಿ ಇದು ಪ್ರಕಟವಾಯಿತು, ಮುಂದೆ ಅಂಟಾರ್ಕ್ಟಿಕಾದಲ್ಲೂ ಕಂಡಿತು.

ಇದರ ಹಿಂದೆ ಇರುವುದು ಬ್ರೋಮಿನ್. ಸಮುದ್ರದ ಮಂಜುಗಡ್ಡೆಯ ಮೇಲಿನ ಉಪ್ಪಿನಿಂದ ಅದು ಬರುತ್ತದೆ. ಬಿಸಿಲು ಬಿದ್ದ ಕೂಡಲೇ ಒಡೆದು ಚುರುಕಾಗುತ್ತದೆ, ಓಝೋನನ್ನು ತಿನ್ನುತ್ತದೆ, ಅನಿಲ ಪಾದರಸವನ್ನು ಉತ್ಕರ್ಷಿಸುತ್ತದೆ. ಹಾಗೆ ಬದಲಾದ ಪಾದರಸ ಸುಲಭವಾಗಿ ಅಂಟುವಂಥದ್ದು, ಸೀದಾ ಹಿಮಕ್ಕೆ ಇಳಿಯುತ್ತದೆ. ಹಿಮದಲ್ಲಿ ಪಾದರಸ ಒಮ್ಮೆಗೇ ಜಾಸ್ತಿಯಾಗುತ್ತದೆ. ಅದೂ ಅಲ್ಲೇ ನಿಲ್ಲುವುದಿಲ್ಲ. ಬಿಸಿಲಿಗೆ ಒಂದು ಪಾಲು ಮತ್ತೆ ಅನಿಲವಾಗಿ ಎದ್ದು ಹೋಗುತ್ತದೆ. ಉಳಿದದ್ದು ಕರಗುವ ನೀರಿನ ಜೊತೆ ಸಮುದ್ರಕ್ಕೆ. ಹಿಮ ತೆಗೆದ ಬಾಟಲಿಗೆ ಬಿಸಿಲು ತಾಗಬಾರದು ಅಂದದ್ದು ಇದಕ್ಕೇ. ಸೀಸದ ಪದರ ಓದಿದಷ್ಟು ಸಲೀಸಾಗಿ ಪಾದರಸದ ಪದರ ಓದಲು ಆಗದಿರುವುದೂ ಇದಕ್ಕೇ.

ಇದನ್ನು ನೋಡಬೇಕಾದರೆ ರಾತ್ರಿ ಮುಗಿಯುವ ಹೊತ್ತಿಗೆ ಅಲ್ಲಿ ಇರಬೇಕು, ಬರೀ ಬೇಸಿಗೆಯಲ್ಲಿ ಹೋಗಿ ಬಂದರೆ ಸಾಲದು. ಭಾರತಕ್ಕೆ ಅಂಟಾರ್ಕ್ಟಿಕಾದಲ್ಲಿ ಮೈತ್ರಿ ಮತ್ತು ಭಾರತಿ ನೆಲೆಗಳಿವೆ, ಅಲ್ಲಿ ವರ್ಷವಿಡೀ ಜನ ಇರುತ್ತಾರೆ. ಉತ್ತರದಲ್ಲಿ, ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ, 2008ರಲ್ಲಿ ತೆರೆದ ಹಿಮಾದ್ರಿ ಇದೆ. ಅಲ್ಲಿಗೆ ಮೊದಲ ಚಳಿಗಾಲದ ತಂಡ ಹೊರಟಿದ್ದು 2023ರ ಡಿಸೆಂಬರ್‌ನಲ್ಲಿ. ನಮ್ಮ ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯೂ ಅದರಲ್ಲಿತ್ತು. ಅವರು ಹೋದದ್ದು ಲೋಹಕ್ಕಲ್ಲ, ಖಗೋಳ ವೀಕ್ಷಣೆಗೆ ಅಲ್ಲಿ ರೇಡಿಯೋ ಗದ್ದಲ ಎಷ್ಟಿದೆ ನೋಡಲು. ಅವರ ಕೆಲಸವೂ ಒಂಥರಾ ಬ್ಲ್ಯಾಂಕ್ ಅಳೆಯುವುದೇ.

ಸೀಸ ಇಳಿಯಿತು, ಆಮೇಲೆ?

1991ರಲ್ಲಿ ಬುತ್ರೋಂ ಮತ್ತು ಸಂಗಡಿಗರು ಗ್ರೀನ್‌ಲ್ಯಾಂಡ್‌ನ ಹೊಸ ಪದರಗಳನ್ನು ಅಳೆದು, 1960ರ ದಶಕದ ಕೊನೆಯಿಂದ ಸೀಸ ಸುಮಾರು ಏಳೂವರೆ ಪಟ್ಟು ಕಡಿಮೆಯಾಗಿದೆ ಅಂತ ತೋರಿಸಿದರು. ಪೆಟ್ರೋಲಿನಿಂದ ಸೀಸ ತೆಗೆದದ್ದೇ ಮುಖ್ಯ ಕಾರಣ. ಒಂದು ಕಾನೂನು ಕೆಲಸ ಮಾಡಿತೋ ಇಲ್ಲವೋ ಅಂತ ಇಷ್ಟು ನೇರವಾಗಿ ಹೇಳುವ ಪುರಾವೆ ಸಿಗುವುದು ಅಪರೂಪ.

ನಮ್ಮಲ್ಲಿ ಅದು ತಡವಾಗಿ ಬಂತು. 1995ರಲ್ಲಿ ನಾಲ್ಕು ಮಹಾನಗರಗಳಲ್ಲಿ ಸೀಸವಿಲ್ಲದ ಪೆಟ್ರೋಲ್ ಶುರುವಾಯಿತು. ಬೆಂಗಳೂರು ಆ ನಾಲ್ಕರಲ್ಲಿ ಇರಲಿಲ್ಲ. ದೇಶವಿಡೀ ಸೀಸ ಬಿಟ್ಟಿದ್ದು 2000ದಲ್ಲಿ. ಅದಕ್ಕೆ ಒಂದು ವರ್ಷ ಮುಂಚೆ ಬೆಂಗಳೂರಿನ ಜಾರ್ಜ್ ಫೌಂಡೇಶನ್ ದೊಡ್ಡ ನಗರಗಳ ಮಕ್ಕಳ ರಕ್ತ ಪರೀಕ್ಷಿಸಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ ಆಗಿನ ಎಚ್ಚರಿಕೆಯ ಮಟ್ಟವಾದ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ದಾಟಿತ್ತು. 90ರ ದಶಕದಲ್ಲಿ ಇಲ್ಲಿ ಶಾಲೆಗೆ ಹೋದವರು ಈಗ ಇದನ್ನು ಓದುತ್ತಿರಬಹುದು. ಜಗತ್ತಿನಲ್ಲಿ ಕೊನೆಯದಾಗಿ ಬಿಟ್ಟ ದೇಶ ಅಲ್ಜೀರಿಯಾ, 2021ರಲ್ಲಿ.

ಅಮೆರಿಕದಲ್ಲಿ ಸೀಸ ಹೋಗಿದ್ದಕ್ಕೆ ಮಕ್ಕಳ ಆರೋಗ್ಯ ಒಂದೇ ಕಾರಣ ಅಲ್ಲ. 1975ರಿಂದ ಹೊಸ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಹೊಗೆಯನ್ನು ಶುದ್ಧ ಮಾಡುವ ಆ ಡಬ್ಬಿಯೊಳಗೆ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಲೇಪ ಇರುತ್ತದೆ. ಸೀಸ ತಾಗಿದರೆ ಅದು ಕೆಟ್ಟುಹೋಗುತ್ತದೆ, ಹಾಗಾಗಿ ಸೀಸವಿಲ್ಲದ ಪೆಟ್ರೋಲ್ ಬೇಕೇ ಬೇಕಾಯಿತು. ಆದರೆ ಬಿಸಿ ಹೊಗೆಗೆ ಆ ಲೇಪವೂ ಚೂರುಚೂರೇ ಸವೆಯುತ್ತದೆ. ಸವೆದದ್ದು ಹೊಗೆಕೊಳವೆಯಿಂದ ಹೊರಗೆ ಬೀಳುತ್ತದೆ.

2001ರಲ್ಲಿ ಕಾರ್ಲೊ ಬಾರ್ಬಾಂತೆ ಮತ್ತು ಸಂಗಡಿಗರು ಗ್ರೀನ್‌ಲ್ಯಾಂಡ್‌ನ ಹಿಮದಲ್ಲಿ ಈ ಮೂರು ಲೋಹಗಳನ್ನು ಅಳೆದು ಪ್ರಕಟಿಸಿದರು. 7000 ವರ್ಷ ಹಳೆಯ ಮಂಜುಗಡ್ಡೆಯಲ್ಲಿ ಪ್ಲಾಟಿನಂ ಇದ್ದದ್ದು ಒಂದು ಪಿಪಿಟಿಯ ನೂರನೇ ಒಂದು ಪಾಲಿನ ಆಸುಪಾಸು. 1990ರ ದಶಕದ ನಡುವಿನ ಹಿಮದಲ್ಲಿ ಈ ಮೂರು ಲೋಹಗಳು ಆ ಹಳೆಯ ಮಟ್ಟದ 40ರಿಂದ 120 ಪಟ್ಟು ಇದ್ದವು. ಅದರಲ್ಲಿ ಬಹುಪಾಲು ಕಾರುಗಳ ಕನ್ವರ್ಟರ್‌ನಿಂದಲೇ ಬಂದಿರಬೇಕು ಅಂತ ಅವರ ತರ್ಕ. ನಮ್ಮ ಔಟರ್ ರಿಂಗ್ ರೋಡಿನಲ್ಲಿ ನಿಂತಿರುವ ಪೆಟ್ರೋಲ್ ಕಾರುಗಳಲ್ಲೂ ಅದೇ ಡಬ್ಬಿ ಇದೆ.